ಬಲಗಿವಿಗೆ ಕೇಳದ ಸಂಗೀತ

ಪ್ರಾಗ್‌ನ ಹೋಲೆಶೊವಿಟ್ಸೆ ನಿಲ್ದಾಣದಲ್ಲಿ ತೆರೆಜಿನ್ ಬಸ್ ಹತ್ತಿ ಕೂತ ಮೇಲೆ ಗೊತ್ತಾಯಿತು, ಇಯರ್‌ಫೋನಿನ ಬಲಗಡೆ ಸತ್ತುಹೋಗಿದೆ. ವೈರು ತಿರುಚಿದೆ, ಎಳೆದೆ, ಊದಿದೆ. ಊಹೂಂ. ಒಂದು ಗಂಟೆಯ ದಾರಿ, ಎಡಗಿವಿಯೇ ಸಾಕು ಅಂದುಕೊಂಡು ಪಾವೆಲ್ ಹಾಸ್ ಅವರ ‘ಸ್ಟಡಿ ಫಾರ್ ಸ್ಟ್ರಿಂಗ್ಸ್’ ಹಾಕಿದೆ. ಹೆಚ್ಚುಕಮ್ಮಿ ಒಂಬತ್ತು ನಿಮಿಷದ ಕೃತಿ. ಪಿಟೀಲುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. ಚೆನ್ನಾಗಿತ್ತು, ಆದರೆ ಯಾಕೋ ಕಾಲು ನೆಲಕ್ಕೆ ತಾಗದ ಹಾಗಿತ್ತು.

ಹಾಸ್ ನಮ್ಮೂರಿನವರು. ಅಂದ್ರೆ, ಕೆಲಸಕ್ಕೆಂದು ಬಂದು ನಾನು ಎರಡು ವರ್ಷದಿಂದ ಇರುವ ಬ್ರನೋದವರು. ಹುಟ್ಟಿದ್ದು 1899ರಲ್ಲಿ, ಯಹೂದಿ ಮನೆಯಲ್ಲಿ. ಅಪ್ಪನದು ಶೂ ವ್ಯಾಪಾರ. ದೊಡ್ಡ ಸಂಗೀತಗಾರ ಯಾನಾಚೆಕ್ ಹತ್ತಿರ ಕಲಿತ ಮೇಲೂ ಮಗ ಅಪ್ಪನ ವ್ಯಾಪಾರದಲ್ಲಿ ದುಡಿಯುತ್ತಲೇ ಸಂಗೀತ ಬರೆದರು. 1938ರ ಏಪ್ರಿಲ್‌ನಲ್ಲಿ ಅವರ ಒಪೆರಾ ಬ್ರನೋದಲ್ಲಿ ರಂಗಕ್ಕೆ ಬಂದು ಹೆಸರು ಮಾಡಿತು. ಮುಂದಿನ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಊರೊಳಗೆ ಬಂತು. ತನ್ನಿಂದಾಗಿ ಹೆಂಡತಿಗೂ ಪುಟ್ಟ ಮಗಳಿಗೂ ಕುತ್ತು ಬರಬಾರದೆಂದು ಹಾಸ್ ಹೆಂಡತಿಯಿಂದ ವಿಚ್ಛೇದನ ಪಡೆದರು. 1941ರ ಡಿಸೆಂಬರ್‌ನಲ್ಲಿ ಅವರನ್ನು ನಾಜಿಗಳು ಯಹೂದಿಗಳನ್ನು ಕೂಡಿಹಾಕುತ್ತಿದ್ದ ತೆರೆಜಿನ್‌ಗೆ ಸಾಗಿಸಿದರು.

ನನಗೆ ಇವರ ಹೆಸರು ಹೇಳಿದ್ದು ಆಫೀಸಿನ ಗೆಳತಿ. ಅವಳು ಹವ್ಯಾಸಿ ವಾದ್ಯವೃಂದವೊಂದರಲ್ಲಿ ಡಬಲ್ ಬೇಸ್, ಅಂದ್ರೆ ಪಿಟೀಲಿನ ಹಾಗಿರುವ ದಪ್ಪ ದನಿಯ ದೊಡ್ಡ ವಾದ್ಯ, ನುಡಿಸುತ್ತಾಳೆ. “ಬೇಸ್ ಕಡೆ ಗಮನ ಕೊಡು. ಕಥೆ ಆಮೇಲೆ ಹೇಳ್ತೀನಿ” ಅಂದಿದ್ದಳು. ಎಲ್ಲ ವಾದ್ಯದವರೂ ತಮ್ಮ ವಾದ್ಯದ ಬಗ್ಗೆ ಹೀಗೇ ಹೇಳೋದು ಅಂತ ಸುಮ್ನಿದ್ದೆ.

ತೆರೆಜಿನ್ ಅಂದರೆ ನಕ್ಷತ್ರದ ಆಕಾರದ ಇಟ್ಟಿಗೆ ಕೋಟೆಯೊಳಗಿನ ಊರು. ತಾಯಿ ಮರಿಯಾ ತೆರೇಸಾ ಹೆಸರಿನಲ್ಲಿ ಎರಡನೇ ಜೋಸೆಫ್ ದೊರೆ ಕಟ್ಟಿಸಿದ್ದು. ಈಗಲೂ ಜನ ವಾಸವಿದ್ದಾರೆ. ಅದೇ ನನಗೆ ಕಸಿವಿಸಿ ಮಾಡಿದ್ದು. ಕಿಟಕಿಯಲ್ಲಿ ಬಟ್ಟೆ ಒಣಗುತ್ತಿತ್ತು, ಒಂದು ನಾಯಿ ನನ್ನ ನೋಡಿ ಬೊಗಳಿತು. ಇಲ್ಲಿಗೆ 1 ಲಕ್ಷ 40 ಸಾವಿರದಷ್ಟು ಯಹೂದಿಗಳನ್ನು ತಂದು ತುಂಬಿದ್ದರು. ಸುಮಾರು 33 ಸಾವಿರ ಜನ ಹಸಿವು, ರೋಗದಿಂದ ಇಲ್ಲೇ ಸತ್ತರು. 87 ಸಾವಿರಕ್ಕೂ ಜಾಸ್ತಿ ಜನರನ್ನು ಇಲ್ಲಿಂದ ಪೂರ್ವದ ಶಿಬಿರಗಳಿಗೆ ಕಳಿಸಿದರು.

ಮ್ಯಾಗ್ಡೆಬರ್ಗ್ ಬ್ಯಾರಕ್‌ನಲ್ಲಿ ಮೂರಂತಸ್ತಿನ ಮರದ ಮಂಚಗಳನ್ನು ಅಂದು ಇದ್ದ ಹಾಗೇ ಜೋಡಿಸಿಟ್ಟಿದ್ದಾರೆ. ಅಲ್ಲೇ ನಿಂತು ಗಿದಿಯೋನ್ ಕ್ಲೈನ್‌ನನ್ನು ನೆನೆದೆ. ಇಲ್ಲಿಗೆ ಬಂದಾಗ ಆ ಪಿಯಾನೋ ಹುಡುಗನಿಗೆ ಹೆಚ್ಚುಕಮ್ಮಿ ಇಪ್ಪತ್ತೆರಡು, ಹಾಸ್‌ಗೆ ನಲವತ್ತೆರಡು. ಬಂದ ಹೊಸತರಲ್ಲಿ ಹಾಸ್ ಕುಸಿದುಹೋಗಿದ್ದರು, ಏನೂ ಬರೆಯುತ್ತಿರಲಿಲ್ಲ. ಕ್ಲೈನ್ ಕಾಗದದ ಮೇಲೆ ಸ್ವರ ಬರೆಯಲು ಬೇಕಾದ ಐದೈದು ಗೆರೆ ತಾನೇ ಎಳೆದು ಅವರ ಮುಂದಿಟ್ಟು, ಕಾಲ ಕಳೆದದ್ದು ಸಾಕು ಬರೀರಿ ಅಂದನಂತೆ. ಹಾಸ್ ಬರೆದರು. ಈ ತಂತಿವಾದ್ಯದ ಕೃತಿ ಬಂದದ್ದು 1943ರಲ್ಲಿ.

ಸಂಗೀತ ಸಾವನ್ನು ಗೆದ್ದಿತು ಅಂತೆಲ್ಲ ಬರೆಯುತ್ತಾರಲ್ಲ, ನನಗೆ ಅದು ಹಿಡಿಸುವುದಿಲ್ಲ. ಗೆರೆ ಎಳೆದುಕೊಟ್ಟದ್ದು ಮಾತ್ರ ಅರ್ಥವಾಗುತ್ತದೆ. ಮೈಸೂರಿನಲ್ಲಿ ನನ್ನ ಪಿಟೀಲು ಮೇಷ್ಟ್ರೂ ನನ್ನ ನೋಟ್‌ಬುಕ್ಕಿನಲ್ಲಿ ತಾಳದ ಗೆರೆ ಎಳೆದುಕೊಡುತ್ತಿದ್ದರು. ಹತ್ತನೇ ಕ್ಲಾಸಿಗೆ ಬಂದಾಗ ಬಿಟ್ಟೆ. ಪರೀಕ್ಷೆ ಇದೆಯಲ್ಲ ಅಂತ ಯಾರೂ ಏನೂ ಅನ್ನಲಿಲ್ಲ.

ಹಿಂದಿನ ರಾತ್ರಿ ಯೂಟ್ಯೂಬ್‌ನಲ್ಲಿ ಒಂದು ತುಣುಕು ನೋಡಿದ್ದೆ. 1944ರಲ್ಲಿ ನಾಜಿಗಳು ಇಲ್ಲೇ ಒಂದು ಪ್ರಚಾರ ಚಿತ್ರ ತೆಗೆಸಿದರು, ಯಹೂದಿಗಳು ಎಷ್ಟು ಸುಖವಾಗಿದ್ದಾರೆ ನೋಡಿ ಅಂತ ತೋರಿಸಲು. ಅದರಲ್ಲಿ ಇಲ್ಲೇ ಬಂಧಿಯಾಗಿದ್ದ ವಾದ್ಯವೃಂದ ನಿರ್ದೇಶಕ ಕಾರೆಲ್ ಆಂಚೆರ್ಲ್ ಇದೇ ಕೃತಿಯನ್ನು ನಡೆಸುತ್ತಾರೆ. ಮುಗಿದ ಮೇಲೆ ಹಾಸ್ ಬಂದು ತಲೆಬಾಗುತ್ತಾರೆ. ವೇದಿಕೆಯಲ್ಲಿ ಹೂಕುಂಡಗಳು. ಕಾಲಲ್ಲಿದ್ದ ಮರದ ಜೋಡು ಕ್ಯಾಮೆರಾಗೆ ಕಾಣಬಾರದು ಅಂತ ಇಟ್ಟದ್ದಂತೆ. ಶೂ ವ್ಯಾಪಾರಿಯ ಮಗ ಅದನ್ನು ಗಮನಿಸದೆ ಇದ್ದಾರೆಯೇ?

ಚಿತ್ರೀಕರಣ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಅಕ್ಟೋಬರ್ 16ರ ರೈಲಿನಲ್ಲಿ ಹಾಸ್, ಕ್ಲೈನ್, ಆಂಚೆರ್ಲ್ ಮೂವರನ್ನೂ ಆಶ್ವಿಟ್ಸ್ ಸಾವಿನ ಶಿಬಿರಕ್ಕೆ ಕಳಿಸಿದರು. ಅಲ್ಲಿ ಸಾಲಿನಲ್ಲಿ ನಿಂತಾಗ ಮೊದಲು ತನ್ನನ್ನೇ ಸಾವಿನ ಕಡೆ ಕಳಿಸಲಿದ್ದರು, ಪಕ್ಕದಲ್ಲಿದ್ದ ಹಾಸ್ ಕೆಮ್ಮಿದರು, ಆರಿಸುತ್ತಿದ್ದ ಅಧಿಕಾರಿಯ ಬೆರಳು ಅವರತ್ತ ತಿರುಗಿತು ಅಂತ ಆಂಚೆರ್ಲ್ ಆಮೇಲೆ ಹೇಳಿದರು. ಕ್ಲೈನ್ 1945ರ ಜನವರಿಯಲ್ಲಿ ಇನ್ನೊಂದು ಶಿಬಿರದಲ್ಲಿ ಸತ್ತ.

ವಾಪಸ್ ಬಸ್ಸಿಗೆ ಕಾಯುತ್ತಾ ಗೆಳತಿಗೆ ಮೆಸೇಜ್ ಮಾಡಿದೆ. ಬಲಗಿವಿ ಹೋಗಿದೆ, ನಿನ್ನ ಬೇಸ್ ಕೇಳಿಸಲಿಲ್ಲ ಅಂದೆ. ನಗುವ ಮುಖ ಕಳಿಸಿದಳು. ಅದರ ಹಿಂದೆಯೇ ಉದ್ದದ ಉತ್ತರ ಬಂತು. ಯುದ್ಧ ಮುಗಿದ ಮೇಲೆ ಆಂಚೆರ್ಲ್‌ಗೆ ತೆರೆಜಿನ್‌ನಲ್ಲಿ ಈ ಕೃತಿಯ ಹಾಳೆಗಳು ಸಿಕ್ಕವಂತೆ. ಪಿಟೀಲು, ವಿಯೋಲಾ, ಚೆಲ್ಲೋ, ಎಲ್ಲದರದೂ. ಡಬಲ್ ಬೇಸಿನದು ಮಾತ್ರ ಇರಲಿಲ್ಲ. ಲುಬೊಮಿರ್ ಪೆದುಜ್ಜಿ ಎಂಬ ಸಂಗೀತ ವಿದ್ವಾಂಸರು ಉಳಿದ ವಾದ್ಯಗಳ ಹಾಳೆ ನೋಡಿ ಅದನ್ನು ಹೊಸದಾಗಿ ಬರೆದರು. “ನಾನು ನುಡಿಸೋದು ಹಾಸ್ ಬರೆದದ್ದಲ್ಲ. ಬರೆದಿರಬಹುದು ಅನ್ನೋದು” ಅಂತ ಬರೆದಿದ್ದಳು. ಕೆಳಗೆ ಇನ್ನೊಂದು ಸಾಲು: ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಮೋನೋ’ ಆನ್ ಮಾಡು, ಎರಡೂ ಕಿವಿಯದು ಒಂದರಲ್ಲೇ ಬರುತ್ತೆ.

ಬಸ್ಸು ಪ್ರಾಗ್ ಹತ್ತಿರ ಬರುವಾಗ ಆನ್ ಮಾಡಿದೆ. ಪಿಟೀಲುಗಳ ಕೆಳಗೆ ಒಂದು ದಪ್ಪ ದನಿ ಸೇರಿಕೊಂಡಿತು. ನಮ್ಮ ತಂಬೂರಿ ಹಾಗೆ ಅಂದುಕೊಂಡೆ. ಅಲ್ಲ. ತಂಬೂರಿ ಒಂದೇ ಕಡೆ ಕೂತಿರುತ್ತದೆ, ಇದೂ ಉಳಿದವರ ಜೊತೆ ಓಡುತ್ತಿತ್ತು. ಹೋಲೆಶೊವಿಟ್ಸೆಯಲ್ಲಿ ಇಳಿದಾಗ ಇನ್ನೂ ಎರಡು ನಿಮಿಷ ಬಾಕಿ ಇತ್ತು. ಬ್ರನೋ ರೈಲಿಗೆ ತಡವಾಗುತ್ತಿತ್ತು. ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದೆ.