ನಾಲ್ಕು ಬೆರಳಗಲ

ರಾತ್ರಿ ನಿದ್ದೆ ಬಾರದೆ ಹಳೆಯ ಓಟದ ವಿಡಿಯೊ ನೋಡ್ತಾ ಕೂತಿದ್ದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್, ಮಹಿಳೆಯರ 100 ಮೀಟರ್ ಹರ್ಡಲ್ಸ್ ಫೈನಲ್. ಸ್ವೀಡನ್ನಿನ ಲುಡ್ಮಿಲಾ ಎಂಗ್ಕ್ವಿಸ್ಟ್ 12.58 ಸೆಕೆಂಡು, ಸ್ಲೊವೇನಿಯಾದ ಬ್ರಿಗಿಟಾ ಬುಕೋವೆಟ್ಸ್ 12.59.

ಸೆಕೆಂಡಿನ ನೂರರಲ್ಲಿ ಒಂದು ಪಾಲು! ಆ ವೇಗದಲ್ಲಿ ಅದು ಎಷ್ಟು ದೂರ ಅಂತ ಲೆಕ್ಕ ಹಾಕಿದೆ. ಸುಮಾರು 8 ಸೆಂಟಿಮೀಟರ್. ನನ್ನ ಕೈಯ ನಾಲ್ಕು ಬೆರಳಗಲ, ಅಷ್ಟೇ.

ಹತ್ತು ಹರ್ಡಲ್, ಒಂದೊಂದೂ ಸುಮಾರು 84 ಸೆಂಟಿಮೀಟರ್ ಎತ್ತರ. ನಡುವಿನ ಎಂಟೂವರೆ ಮೀಟರಿಗೆ ಮೂರೇ ಹೆಜ್ಜೆ. ಎಲ್ಲೋ ಒಂದು ಕಡೆ ಕಾಲು ಕೂದಲೆಳೆಯಷ್ಟು ತಡವಾಗಿ ನೆಲ ಮುಟ್ಟಿದರೂ ಸಾಕು, ಚಿನ್ನ ಕೈ ಜಾರುತ್ತೆ.

ಆದ್ರೆ ಬ್ರಿಗಿಟಾಳ ಆ ಬೆಳ್ಳಿ ಸಣ್ಣದಲ್ಲ. ಸ್ಲೊವೇನಿಯಾ ಸ್ವತಂತ್ರ ದೇಶ ಆಗಿದ್ದೇ 1991ರಲ್ಲಿ. ಇಡೀ ದೇಶದ ಜನಸಂಖ್ಯೆ 20 ಲಕ್ಷದ ಆಸುಪಾಸು. ಅಟ್ಲಾಂಟಾದಿಂದ ಆ ದೇಶಕ್ಕೆ ಹೋದ ಪದಕ ಎರಡೇ, ಎರಡೂ ಬೆಳ್ಳಿ. ಒಂದು ಇವಳದು, ಇನ್ನೊಂದು ಕಯಾಕ್ ಅನ್ನೋ ಸಣ್ಣ ದೋಣಿಯ ಸ್ಪರ್ಧಿ ಆಂಡ್ರಾಜ್ ವೆಹೋವರ್‌ದು. ರಾಜಧಾನಿ ಲ್ಯುಬ್ಲ್ಯಾನಾದಲ್ಲಿ ಹುಟ್ಟಿದ ಬ್ರಿಗಿಟಾಗೆ ಆಗ 26 ವರ್ಷ.

ಎರಡು ವರ್ಷ ಬಿಟ್ಟು ಬುಡಾಪೆಸ್ಟ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲೂ ಬೆಳ್ಳಿಯೇ. ಅವಳು ಓಟ ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಈಗ ಅವಳಿಗೆ ಚಿನ್ನ ತಪ್ಪಿದ್ದು ನೆನಪಾಗುತ್ತೋ, ಬೆಳ್ಳಿ ಸಿಕ್ಕಿದ್ದೋ? ನನಗಂತೂ ಆ 12.59 ತುಂಬಾ ಇಷ್ಟವಾಯ್ತು.

ಮಲಗೋ ಮುಂಚೆ ಇನ್ನೊಮ್ಮೆ ಹಾಕಿದೆ. ಕೊನೆಯ ಹರ್ಡಲ್ ದಾಟಿ ಎದೆ ಮುಂದಕ್ಕೆ ಬಾಗಿಸೋ ಹೊತ್ತಿಗೆ, ಗೊತ್ತಿದ್ದೂ ಗೊತ್ತಿದ್ದೂ, ಉಸಿರು ಬಿಗಿಹಿಡಿದೆ.