ಅವನು ಹೇಳಿದ, ಅವಳು ಬರೆದಳು

ಎಸ್ಸೆಸ್ಸೆಲ್ಸಿ ಉತ್ತರವನ್ನು ಇನ್ನೊಬ್ಬರ ಕೈಯಲ್ಲಿ ಬರೆಸುವುದು ಸುಲಭ ಅಂತ ಅಂದುಕೊಂಡವರು ಕಳೆದ ಫೆಬ್ರವರಿಯ ಒಂದು ಶನಿವಾರ ನಮ್ಮ ಶಾಲೆಗೆ ಬರಬೇಕಿತ್ತು.

ನಾನು ದಕ್ಷಿಣ ಕನ್ನಡದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಚರ್ಚಿನ ಕಂಪೌಂಡಿನಲ್ಲೇ ಇರುವ ಶಾಲೆ. ಚರ್ಚಿನ ಫಾದರ್ ಸಂಚಾಲಕರು, ಮುಖ್ಯೋಪಾಧ್ಯಾಯಿನಿ ಸಿಸ್ಟರ್. ಮಕ್ಕಳಲ್ಲಿ ಕ್ರೈಸ್ತರಿಗಿಂತ ಬೇರೆಯವರೇ ಜಾಸ್ತಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡಿಕೊಂಡು, ಇಲ್ಲಿ ಬಂದು ಕನ್ನಡದಲ್ಲಿ ಪಾಠ ಕೇಳುತ್ತಾರೆ.

ಆ ಹುಡುಗ ಹತ್ತನೇ ತರಗತಿ. ಪುಸ್ತಕ ಹಿಡಿದರೆ ಒಂದು ಸಾಲು ದಾಟುವಷ್ಟರಲ್ಲಿ ಬೆವರುತ್ತಾನೆ. ಬರೆದರೆ ಒತ್ತಕ್ಷರ ಮಾಯ, ದೀರ್ಘ ಎಲ್ಲೆಲ್ಲೋ. ಮೊದಲಿದ್ದ ಶಾಲೆಯವರು ಅವನನ್ನು ಸೋಮಾರಿ ಅಂತ ಕರೆದು ಕೈತೊಳೆದುಕೊಂಡಿದ್ದರು. ಆದರೆ ಅವನ ಮಾವ ದೈವದ ನೇಮ, ಮದುವೆ, ಯಕ್ಷಗಾನಗಳಿಗೆ ಲೈಟು, ಮೈಕು ಹಾಕುವವರು. ರಜೆಯಲ್ಲಿ ಅವರ ಜೊತೆ ಹೋಗಿ ಹೋಗಿ ಇವನಿಗೆ ವೈರಿಂಗ್ ನೀರು ಕುಡಿದಷ್ಟು ಸಲೀಸು. ನಮ್ಮ ಸ್ಕೂಲ್ ಡೇಗೆ ಸೌಂಡ್ ಸಿಸ್ಟಮ್ ನೋಡಿಕೊಳ್ಳುವುದು ಅವನೇ.

ಕಲಿಕಾ ನ್ಯೂನತೆ ಇರಬಹುದು ಅಂತ ಮೊದಲು ಹೇಳಿದ್ದು ಸಿಸ್ಟರ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ಹಾಗಾಗಿ ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆದುಕೊಡುವವರನ್ನು, ಇಟ್ಟುಕೊಳ್ಳಬಹುದು, ಹೆಚ್ಚು ಸಮಯವೂ ಸಿಗುತ್ತದೆ. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಆದರೆ ಇದಕ್ಕೆಲ್ಲ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು, ಅರ್ಜಿ ಬೇಕು, ಸಹಿ ಬೇಕು. ಅವನ ಅಮ್ಮ ಬೀಡಿ ಕಟ್ಟುವವರು. ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಸಂಪಾದನೆ ಹೋಯಿತು. ಕೊನೆಗೆ ಸಿಸ್ಟರೇ ಫೈಲು ಕೈಯಲ್ಲಿ ಹಿಡಿದು ಅವರ ಜೊತೆ ಬಸ್ಸು ಹತ್ತಿದರು.

ಸ್ಕ್ರೈಬ್ ಕೆಳಗಿನ ತರಗತಿಯವರಾಗಿರಬೇಕು. ಒಂಬತ್ತನೆಯ ಒಬ್ಬ ಹುಡುಗಿ ಒಪ್ಪಿದಳು. ಮನೆಯಲ್ಲಿ ಬ್ಯಾರಿ ಮಾತಾಡುವವಳು, ಅಕ್ಷರ ಮುತ್ತು ಪೋಣಿಸಿದ ಹಾಗೆ. ಸುಮ್ನೆ ಇಬ್ಬರನ್ನೂ ಪರೀಕ್ಷೆಯ ದಿನ ಕೂರಿಸಿದರೆ ಆಗಲ್ಲ, ಮೊದಲೇ ಅಭ್ಯಾಸ ಆಗಬೇಕು ಅಂತ ಸಿಸ್ಟರ್ ಹೇಳಿದರು. ಹಾಗೆ ಶನಿವಾರ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಲೈಬ್ರರಿಯಲ್ಲಿ ಕೂತೆವು. ಹಳೆಯ ವಿಜ್ಞಾನ ಪತ್ರಿಕೆ, 80 ಅಂಕ. ನಾನು ಮೇಲ್ವಿಚಾರಕಿ.

ಮನೆಯ ವಿದ್ಯುತ್ ಉಪಕರಣಗಳನ್ನು ಸಮಾಂತರವಾಗಿ ಜೋಡಿಸುವುದು ಏಕೆ? ಹುಡುಗಿ ಪ್ರಶ್ನೆ ಓದಿದಳು. ಹುಡುಗನ ಮುಖ ಅರಳಿತು. “ತುಳುಟು ಪಣೊಲಿಯಾ ಟೀಚರ್?” ಅಂದ. ಇಲ್ಲ, ಕನ್ನಡದಲ್ಲೇ ಹೇಳು ಅಂದೆ. ತುಳುವಿನಲ್ಲಾದರೆ ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದ. ಒಂದು ಬಲ್ಬ್ ಹೋದರೆ ಉಳಿದದ್ದು ಆರಬಾರದು, ಎಲ್ಲದಕ್ಕೂ ಪೂರ್ತಿ ವೋಲ್ಟೇಜ್ ಸಿಗಬೇಕು. ಅಷ್ಟೇ ತಾನೇ. ಅದನ್ನೇ ಪುಸ್ತಕದ ಕನ್ನಡದಲ್ಲಿ, ಪೂರ್ತಿ ವಾಕ್ಯದಲ್ಲಿ, ಬರೆಯುವವಳ ವೇಗಕ್ಕೆ ಹೇಳಬೇಕು ಅಂದಾಗ ನಾಲಿಗೆ ತೊಡರಿತು.

“ಪ್ರತಿಯೊಂದು ಉಪಕರಣಕ್ಕೂ ಒಂದೇ ವಿಭವಾಂತರ...” ಅಂದ.

ಪೆನ್ನು ನಿಂತಿತು. ಆ ಪಾಠ ಅವಳಿಗೆ ಇನ್ನೂ ಆಗಿಲ್ಲ. “ವಿಭವಾಂತರಕ್ಕೆ ಯಾವ ಬ, ಅಣ್ಣಾ? ಮಹಾಪ್ರಾಣವಾ?”

“ಅದು ಗೊತ್ತಿದ್ರೆ ನಾನೇ ಬರೀತಿದ್ದೆ ಅಲ್ವಾ!”

ಮೂವರೂ ನಕ್ಕೆವು. ಆದರೆ ಯೋಚಿಸಿ. ಕೆಳಗಿನ ತರಗತಿಯವರೇ ಬೇಕು ಅನ್ನುವ ನಿಯಮ ಸ್ಕ್ರೈಬ್ ತಾನೇ ಉತ್ತರ ಬರೆದುಬಿಡಬಾರದು ಅಂತ ಮಾಡಿದ್ದು, ಸರಿಯಾದದ್ದೇ. ಅದರಿಂದ ಹೀಗೂ ಒಂದು ಫಜೀತಿ ಆಗುತ್ತದೆ ಅಂತ ಅಭ್ಯಾಸಕ್ಕೆ ಕೂರುವ ತನಕ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು ತಾಪತ್ರಯ ಎಂದರೆ ಅವಳ ಜಾಣತನ. ಆಮ್ಲ, ಪ್ರತ್ಯಾಮ್ಲದ ಪ್ರಶ್ನೆಯಲ್ಲಿ ಅವನು ಹೇಳಿದ್ದು ಎರಡು ಮಾತು, ಅವಳು ಬರೆದದ್ದು ನಾಲ್ಕು. ನೀಟಾಗಿ ಒಂದು ‘ಆದ್ದರಿಂದ’ ಬೇರೆ ಸೇರಿಸಿದ್ದಳು. ಅವನು ಹೇಳಿದ್ದನ್ನು ಮಾತ್ರ ಬರಿ, ತಪ್ಪು ಹೇಳಿದರೆ ತಪ್ಪನ್ನೇ ಬರಿ ಅಂದೆ. ತಪ್ಪು ಅಂತ ಗೊತ್ತಿದ್ದೂ ಬರೆಯುವುದು ಅವಳಿಗೆ ಪಾಪ ಮಾಡಿದಷ್ಟು ಕಷ್ಟವಾಯಿತು. ಚಿತ್ರದ ಪ್ರಶ್ನೆ ಬಂದಾಗ ಹುಡುಗ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. “ಇದು ನಾನೇ ಮಾಡ್ತೇನೆ.” ಸ್ಕೇಲು ಇಟ್ಟು ಬ್ಯಾಟರಿ, ಸ್ವಿಚ್ಚು, ಅಮ್ಮೀಟರ್ ಎಲ್ಲ ಬಿಡಿಸಿದ. ಅಮ್ಮೀಟರ್ ಸರಣಿಯಲ್ಲಿ, ವೋಲ್ಟ್‌ಮೀಟರ್ ಸಮಾಂತರದಲ್ಲಿ. ಎಷ್ಟೋ ಮಕ್ಕಳು ಎಡವುವ ಜಾಗ ಅದು.

ನಡುವೆ ಸಿಸ್ಟರ್ ಬಂದರು, ಚಹಾ ಮತ್ತು ಗೋಳಿಬಜೆ ಹಿಡಿದುಕೊಂಡು. ಇವರ ಬಗ್ಗೆ ಒಂದು ಮಾತು ಹೇಳಲೇಬೇಕು. ಸರ್ವಾಂಗೀಣ ಬೆಳವಣಿಗೆ ಅಂತ ವಾರ್ಷಿಕ ವರದಿಯಲ್ಲಿ ಓದದ ಶಾಲೆ ಯಾವುದಿದೆ ಹೇಳಿ? ಜನವರಿ ಬಂತು ಅಂದರೆ ಅದೇ ಶಾಲೆಗಳಲ್ಲಿ ಹತ್ತನೆಯವರ ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ನಮ್ಮಲ್ಲೂ ಕೇಳಿದ್ದೆವು. ಈ ಹುಡುಗನನ್ನು ಮೈಕಿನ ಕೆಲಸದಿಂದ ಬಿಡಿಸಿ ಅಂತಲೂ ಸ್ಟಾಫ್ ಮೀಟಿಂಗಿನಲ್ಲಿ ಮಾತು ಬಂದಿತ್ತು. ಸಿಸ್ಟರ್ ಎರಡಕ್ಕೂ ಒಪ್ಪಲಿಲ್ಲ. ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯನ್ನು ತೆಗೆದು ಓದಿದರು. ಮಕ್ಕಳ ದೇಹ, ನೀತಿ, ಬುದ್ಧಿ ಮೂರೂ ಹೊಂದಿಕೊಂಡು ಬೆಳೆಯಬೇಕು ಅಂತ ಅದರಲ್ಲಿದೆ. “ಬುದ್ಧಿ ಒಂದೇ ಅಂತ ಎಲ್ಲಿಯೂ ಬರೆದಿಲ್ಲ ಟೀಚರ್” ಅಂದರು. ಗಣಿತದ ಸರ್ ಗೊಣಗಿದರು. ನನಗೆ ಒಳಗೊಳಗೇ ಖುಷಿಯಾಯಿತು, ವಿಜ್ಞಾನಕ್ಕೂ ಆ ಪೀರಿಯಡ್ ಬೇಕಿದ್ದರೂ.

ಗೋಳಿಬಜೆ ತಿನ್ನುತ್ತಾ ಹುಡುಗಿ ಸಿಸ್ಟರನ್ನು ಕೇಳಿದಳು, ಹತ್ತನೆಯ ವಿಜ್ಞಾನ ಪುಸ್ತಕ ಮನೆಗೆ ಕೊಡ್ತೀರಾ, ಕಾಗುಣಿತ ನೋಡಿಕೊಳ್ತೇನೆ ಅಂತ. ಹುಡುಗ ತಕ್ಷಣ ತಲೆಯಾಡಿಸಿದ. “ಬೇಡ ಸಿಸ್ಟರ್, ಮತ್ತೆ ಅವಳೇ ಉತ್ತರ ಬರೆದುಬಿಡ್ತಾಳೆ. ಪಾಸಾದದ್ದು ನಾನಾ, ಅವಳಾ ಅಂತ ಆಗ್ತದೆ.”

ಸಿಸ್ಟರ್ ಸ್ವಲ್ಪ ಹೊತ್ತು ಯೋಚಿಸಿ ನನ್ನ ಕಡೆ ತಿರುಗಿದರು. ಪುಸ್ತಕ ಬೇಡ, ಪಾಠದಲ್ಲಿ ಬರುವ ಕಷ್ಟದ ಪದಗಳ ಪಟ್ಟಿ ಮಾತ್ರ ಕೊಡಿ, ಅರ್ಥ ಬರೆಯಬೇಡಿ ಅಂದರು. ಸಮಾಜಕ್ಕೂ ಹಾಗೇ ಮಾಡಿಸುತ್ತೇನೆ ಅಂತ ಸೇರಿಸಿದರು. ಭಾನುವಾರ ಪೂರ್ತಿ ನನಗೆ ಅದೇ ಕೆಲಸ. ವಿಭವಾಂತರ, ವಕ್ರೀಭವನ, ದ್ಯುತಿಸಂಶ್ಲೇಷಣೆ, ಅನುವಂಶೀಯತೆ. ಬುಧವಾರ ಗಣಿತದ ಅಭ್ಯಾಸ ಇಟ್ಟುಕೊಂಡಿದ್ದೆವು. ಅದಕ್ಕೆ ಮೇಲ್ವಿಚಾರಕರಾಗಿ ಕೂತದ್ದು ಗೊಣಗಿದ ಅದೇ ಸರ್. ವರ್ಗಮೂಲದ ಚಿಹ್ನೆ ಎಲ್ಲಿಯವರೆಗೆ ಎಳೆಯಬೇಕು ಅಂತ ಬಾಯಲ್ಲಿ ಹೇಳುವುದು ಹೇಗೆ ಅಂತ ಮಂಗಳವಾರ ಸಂಜೆಯೇ ನನ್ನ ಹತ್ತಿರ ಕೇಳಿಕೊಂಡು ಬಂದಿದ್ದರು.