ಕುಂತಾಳ, ಕುಳಿತಿದ್ದಾಳೆ

ಆ ಶನಿವಾರ ಬೆಳಗ್ಗೆ ಏಳಕ್ಕೇ ಮೇಷ್ಟರ ಫೋನ್ ಬಂತು. ಹಿಂದಿನ ದಿನ ಸಂಜೆಯಷ್ಟೇ, ಅವರ ತಾಯಿ ಹಾಡುತ್ತಿದ್ದ ಹಾಡುಗಳ ಪುಸ್ತಕದ ಕರಡನ್ನು ಕಳಿಸಿದ್ದೆ. ಎಪ್ಪತ್ತೈದು ದಾಟಿದವರು ಇಷ್ಟು ಬೇಗ ಓದಿ ಮುಗಿಸುತ್ತಾರೆ ಎಂದುಕೊಂಡಿರಲಿಲ್ಲ.

"ತಂಗೀ, ರಾತ್ರಿಯೇ ಓದಿದೆ. ಮೊದಲ ಭಾಗ ಚೆನ್ನಾಗಿ ಬಂದಿದೆ. ಆದರೆ ಎರಡನೆಯ ಭಾಗ ನಮ್ಮ ಅವ್ವ ಹಾಡಿದ್ದಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೇರೆ ಯಾರದೋ ಪುಟಗಳು ಕಲೆತಿರಬೇಕು, ಒಮ್ಮೆ ನೋಡು ಎಂದಷ್ಟೇ ಹೇಳಿದರು. ನಾನು ಕಡತ ತೆರೆದೆ. ಯಾರದೂ ಕಲೆತಿರಲಿಲ್ಲ. ಎಲ್ಲವೂ ಅವರ ನೋಟುಪುಸ್ತಕದ ಹಾಡುಗಳೇ. ಆದರೆ 'ಕುಂತಾಳ' ಎಂದಿದ್ದಲ್ಲೆಲ್ಲ 'ಕುಳಿತಿದ್ದಾಳೆ' ಎಂದಾಗಿತ್ತು. 'ಮ್ಯಾಲ' ಹೋಗಿ 'ಮೇಲೆ' ಬಂದಿತ್ತು, 'ಬ್ಯಾಡ' ಹೋಗಿ 'ಬೇಡ', 'ಬಂದಾನ' ಹೋಗಿ 'ಬಂದಿದ್ದಾನೆ'. ತೊಂಬತ್ತಾರು ಪುಟಗಳಲ್ಲಿ ಒಂದೂ ಬಿಟ್ಟುಹೋಗದಂತೆ ಯಾರೋ ಶ್ರದ್ಧೆಯಿಂದ ತಿದ್ದಿದ್ದರು.

ನನ್ನ ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಮೈಸೂರಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಹಳೆಯ ಕನ್ನಡ ಪುಸ್ತಕಗಳನ್ನೂ ಕೈಬರಹದ ಪ್ರತಿಗಳನ್ನೂ ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯುನಿಕೋಡ್ ಅಕ್ಷರಕ್ಕೆ ತಂದು ಇ-ಪುಸ್ತಕ ಮಾಡಿಕೊಡುತ್ತೇನೆ. ಗಿರಾಕಿಗಳೆಂದರೆ ಸಣ್ಣ ಪ್ರಕಾಶಕರು, ನಿವೃತ್ತ ಅಧ್ಯಾಪಕರು, ತಂದೆಯ ಬರಹವನ್ನು ಉಳಿಸಬೇಕೆನ್ನುವ ಮಕ್ಕಳು. ವರ್ಷಕ್ಕೆ ಇಪ್ಪತ್ತು ಪುಸ್ತಕ ಬಂದರೆ ಹೆಚ್ಚು. ಏಳು ವರ್ಷ ಪುಸ್ತಕಗಳ ಕೆಲಸವನ್ನೆಲ್ಲ ಒಬ್ಬಳೇ ಮಾಡಿದ್ದೆ. 2022ರ ಮಳೆಗಾಲದಲ್ಲಿ ಮೂರು ಕೆಲಸಗಳು ಒಟ್ಟಿಗೆ ಬಂದಾಗ ಮೊದಲ ಬಾರಿಗೆ ಬೆರಳಚ್ಚನ್ನು ಹೊರಗೆ ಕೊಟ್ಟೆ.

ಮೇಷ್ಟರ ಪುಸ್ತಕ ಗದಗ ಜಿಲ್ಲೆಯ ಬೀಸುವ ಪದಗಳ ಸಂಗ್ರಹ. ಅವರ ತಾಯಿ ಬೆಳಗಿನ ಜಾವ ಜೋಳ ಬೀಸುತ್ತ ಹಾಡುತ್ತಿದ್ದುದನ್ನು ಹರೆಯದಲ್ಲೇ ಬರೆದಿಟ್ಟುಕೊಂಡಿದ್ದರು. 286 ಪುಟ, 710 ತ್ರಿಪದಿ. ಅದನ್ನು ಮೂರು ಪಾಲು ಮಾಡಿ, ಪುಟಕ್ಕೆ 20 ರೂಪಾಯಿಯಂತೆ ಮೂವರಿಗೆ ಹಂಚಿದೆ. ಜೊತೆಗೆ ಒಂದು ವಾಟ್ಸ್‌ಆ್ಯಪ್ ಸಂದೇಶ: ಅಕ್ಷರದ ಗಾತ್ರ ಇಷ್ಟು, ಹಾಡಿಗೊಂದು ಸಂಖ್ಯೆ, ಎರಡು ವಾರದ ಗಡುವು. ಆರೇ ಸಾಲು.

ಕಡತಗಳು ಬಂದಾಗ ಒಂದೊಂದೂ ಒಂದೊಂದು ಬಗೆ. ಒಬ್ಬರು ಯುನಿಕೋಡ್ ಎಂದರೂ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲೇ ಹೊಡೆದಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೇ ಕಾಣದೆ ಯುರೋಪಿನ ಲಿಪಿಯ ಚಿಹ್ನೆಗಳು ಚೆಲ್ಲಾಡಿದಂತೆ ಕಾಣುತ್ತದೆ. ಅದನ್ನು ಪರಿವರ್ತಿಸಿಕೊಂಡೆ. ಇನ್ನೊಬ್ಬರು ಅರ್ಕಾವತ್ತು ಬರಬೇಕಾದಲ್ಲೆಲ್ಲ ಒಂಬತ್ತನ್ನು ಹೊಡೆದಿದ್ದರು, ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು. ಕಾಗದದ ಮೇಲೆ ಇದು ಗೊತ್ತೇ ಆಗುವುದಿಲ್ಲ. 'ಸೂಯ೯' ಎಂದರೂ ಕಣ್ಣು 'ಸೂರ್ಯ' ಎಂದೇ ಓದಿಕೊಳ್ಳುತ್ತದೆ. ಆದರೆ ಇ-ಪುಸ್ತಕದಲ್ಲಿ 'ಸೂರ್ಯ' ಎಂದು ಹುಡುಕಿದವರಿಗೆ ಆ ಸಾಲು ಎಂದೂ ಸಿಗುವುದಿಲ್ಲ. ಇವನ್ನೆಲ್ಲ ಹುಡುಕಿ ಸರಿಪಡಿಸುವುದರಲ್ಲೇ ನಾಲ್ಕು ದಿನ ಹೋದವು.

ಮೂರರಲ್ಲಿ ಅತ್ಯಂತ ಸ್ವಚ್ಛವಾಗಿದ್ದುದು ಎರಡನೆಯ ಭಾಗ. ಒಂದು ಅಂಕಿ ತಪ್ಪಿಲ್ಲ, ಒಂದು ಒತ್ತು ತಪ್ಪಿಲ್ಲ. ಹಾಗಾಗಿ ಅದನ್ನು ನಾನು ಓದಲೇ ಇಲ್ಲ. ಕಣ್ಣು ಅಕ್ಷರಗಳ ಮೇಲೆ ಓಡಿತು, ಪದಗಳ ಮೇಲೆ ನಿಲ್ಲಲಿಲ್ಲ.

ಮೇಷ್ಟರಿಗೆ ಮತ್ತೆ ಫೋನ್ ಮಾಡುತ್ತೇನೆಂದು ಹೇಳಿ, ಆ ಭಾಗ ಮಾಡಿದ ಹೆಣ್ಣುಮಗಳ ಸಂಖ್ಯೆ ಹುಡುಕಿದೆ. ಹೇಳಬೇಕಾದ ಮಾತುಗಳೆಲ್ಲ ಬಾಯಿಯ ತುದಿಯಲ್ಲಿದ್ದವು. ಮೊಬೈಲಿನಲ್ಲಿ ಅವರ ಹಳೆಯ ಸಂದೇಶ ಕಂಡಿತು. ಕಡತದೊಂದಿಗೇ ಬಂದಿದ್ದನ್ನು ನಾನು ಅವಸರದಲ್ಲಿ ನೋಡಿರಲಿಲ್ಲ. "ಮೇಡಂ, ಪ್ರತಿಯಲ್ಲಿ ತಪ್ಪುಗಳು ಬಹಳ ಇದ್ದವು. ಎಲ್ಲವನ್ನೂ ತಿದ್ದಿದ್ದೇನೆ. ಎರಡು ದಿನ ಹೆಚ್ಚು ಹಿಡಿಯಿತು. ಅದಕ್ಕೆ ಬೇರೆ ಹಣ ಬೇಡ."

ನಾನು ಫೋನ್ ಕೆಳಗಿಟ್ಟೆ.

ಹಿಂದಿನ ವರ್ಷ ಒಂದು ಸಂಸ್ಥೆಯ ವಾರ್ಷಿಕ ವರದಿಯ ಕರಡನ್ನು ಇವರೇ ತಿದ್ದಿಕೊಟ್ಟಿದ್ದರು. ಆಗ ನಾನೇ ಬಾಯಿತುಂಬ ಹೊಗಳಿದ್ದೆ: ನಿಮ್ಮ ಕೈಯಲ್ಲಿ ಒಂದು ತಪ್ಪೂ ಉಳಿಯುವುದಿಲ್ಲ ಎಂದು. ಆ ಮಾತನ್ನು ಅವರು ಮನಸ್ಸಿನಲ್ಲಿಟ್ಟುಕೊಂಡು, ಕೂಲಿಯಿಲ್ಲದೆ ಎರಡು ದಿನ ಕಣ್ಣುನೋಯಿಸಿಕೊಂಡಿದ್ದರು. 'ಕುಂತಾಳ' ಎಂಬುದು ತಪ್ಪಲ್ಲ ಎಂದು ನನ್ನ ಆರು ಸಾಲಿನಲ್ಲಿ ಎಲ್ಲಿತ್ತು? ನನ್ನ ತಲೆಯಲ್ಲಿತ್ತು. ಏಳು ವರ್ಷ ಒಬ್ಬಳೇ ದುಡಿದವಳಿಗೆ, ತಾನು ಏನನ್ನು ಮುಟ್ಟುವುದಿಲ್ಲ ಎಂಬುದನ್ನು ಬರೆದಿಡುವ ಪ್ರಸಂಗವೇ ಬಂದಿರಲಿಲ್ಲ. ಅವರಿಗೆ ಪೂರ್ತಿ ಹಣ ಆಗಲೇ ಸಂದಾಯವಾಗಿತ್ತು; ಆ ಎರಡು ದಿನದ್ದನ್ನೂ ಅಂದೇ ಕಳಿಸಿದೆ. ನಡೆದದ್ದನ್ನು ಹೇಳಿದಾಗ ಅವರು ಅತ್ತುಬಿಟ್ಟರು. ತಪ್ಪು ನನ್ನದು ಎಂದು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ.

ತಿದ್ದುವಿಕೆಯಿಂದ ಹಾಡಿಗೆ ಆದ ಹಾನಿ ಸಣ್ಣದಲ್ಲ. ತ್ರಿಪದಿಗೆ ಮೂರು ಸಾಲು; ಸಾಲುಗಳಿಗೆ ನಾಲ್ಕು, ನಾಲ್ಕು, ಮೂರು ಎಂದು ಹನ್ನೊಂದು ಗಣ, ಅಂದರೆ ಲಯದ ತುಂಡು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಷ್ಟು ಹಳೆಯ ಅಳತೆ ಇದು. ಓದುಬರಹ ತಿಳಿಯದ ಹೆಂಗಸರು ಬೀಸುವ ಕಲ್ಲಿನ ಮುಂದೆ ಇದನ್ನು ತಪ್ಪದೆ ಕಾಯ್ದುಕೊಂಡು ಬಂದಿದ್ದಾರೆ. 'ಬಂದಾನ' ಇದ್ದಲ್ಲಿ 'ಬಂದಿದ್ದಾನೆ' ಹಾಕಿದರೆ ಸಾಲು ಉಬ್ಬಿ ಒಡೆಯುತ್ತದೆ. ಪ್ರಾಸದ ಪಾಡೂ ಅದೇ. ಸಾಲಿನ ಎರಡನೆಯ ಅಕ್ಷರ ಮುಂದಿನ ಸಾಲಿನದಕ್ಕೆ ಹೊಂದಬೇಕು. 'ನಿಂತಾಳ', 'ಕುಂತಾಳ', 'ಚಿಂತಿ' ಒಂದಕ್ಕೊಂದು ಕೈಹಿಡಿದು ನಿಂತಿರುವಾಗ ನಡುವಿನದನ್ನು 'ಕುಳಿತಿದ್ದಾಳೆ' ಮಾಡಿದರೆ ಆ ಕೈ ತಪ್ಪಿಹೋಗುತ್ತದೆ. ಮೇಷ್ಟರು ಛಂದಸ್ಸಿನ ಮಾತೇ ಎತ್ತಲಿಲ್ಲ. ಅವ್ವನ ದನಿ ಕೇಳಿಸುತ್ತಿಲ್ಲ ಎಂದರು, ಅಷ್ಟೇ.

ಆ ಭಾಗವನ್ನು ಮೈಸೂರಿನಲ್ಲಿ ಕುಳಿತು ನಾನೇ ಹೊಡೆಯಬಹುದಿತ್ತು. ಕೂತೆ ಕೂಡ. ಹತ್ತು ಪುಟಕ್ಕೆ ಧೈರ್ಯ ಕುಸಿಯಿತು. ಮಸುಕಾದ ಶಾಯಿಯಲ್ಲಿ ಒಂದು ಪದ ಹೀಗೋ ಹಾಗೋ ಎಂಬಲ್ಲಿ ನನ್ನ ಕಿವಿ ಯಾವ ಸಹಾಯಕ್ಕೂ ಬರಲಿಲ್ಲ. ಮೇಷ್ಟರನ್ನೇ ಕೇಳಿದೆ. ರೋಣದ ಬಳಿ ಝೆರಾಕ್ಸ್, ಬೆರಳಚ್ಚಿನ ಪುಟ್ಟ ಅಂಗಡಿ ಇಟ್ಟಿರುವ ಒಬ್ಬ ಹೆಣ್ಣುಮಗಳ ಹೆಸರು ಹೇಳಿದರು. ಅರ್ಜಿ, ಬಾಡಿಗೆ ಕರಾರು, ಮದುವೆ ಪತ್ರಿಕೆ ಹೊಡೆಯುವುದು ಅವರ ದಿನದ ಕೆಲಸ.

ಅವರೊಂದಿಗೆ ಪುಟದ ಲೆಕ್ಕ ಬಿಟ್ಟೆ. ಪುಟಕ್ಕೆ ಇಷ್ಟು ಎಂದರೆ ಬೇಗ ಮುಗಿಸಿದವರಿಗೇ ಲಾಭ; ಒಂದು ಪದದ ಮುಂದೆ ನಿಂತು ಯೋಚಿಸಿದವರಿಗೆ ನಷ್ಟ. ಹಾಡಿಗೆ 10 ರೂಪಾಯಿ, ಎರಡನೆಯ ಭಾಗದಲ್ಲಿ 240 ಹಾಡು. ಉಳಿದ 470ನ್ನು ಮೂಲದೊಂದಿಗೆ ಹೋಲಿಸಿ ನೋಡಲು ಹಾಡಿಗೆ 5. ಪ್ರಕಾಶಕರಿಂದ ಬರುವುದು ಒಟ್ಟು 16,000. ಮೊದಲ ಮೂವರಿಗೆ 5,720, ಈಗ 4,750. ಆ ಎರಡು ದಿನದ್ದೂ ಹೋದ ಮೇಲೆ ಎರಡು ತಿಂಗಳ ನನ್ನ ದುಡಿಮೆಗೆ ಉಳಿದದ್ದು ಐದು ಸಾವಿರಕ್ಕೂ ಕಡಿಮೆ. ಸಣ್ಣ ಮಾರುಕಟ್ಟೆಯಲ್ಲಿ ತಪ್ಪಿನ ಬೆಲೆ ಹಂಚಿಕೊಳ್ಳಲು ಬೇರೆ ಯಾರೂ ಇರುವುದಿಲ್ಲ. ಈ ಸಲ ಸೂಚನೆಯನ್ನು ನಾಲ್ಕು ಪುಟ ಬರೆದೆ. ಮೊದಲ ಸಾಲು: ಹಾಳೆಯಲ್ಲಿ ಇರುವುದೇ ಸರಿ, ಅನುಮಾನ ಬಂದರೆ ತಿದ್ದಬೇಡಿ, ಕೇಳಿ.

ಅವರು ಕೇಳಿದರು. ಮೂರನೆಯ ದಿನವೇ ಫೋನ್ ಬಂತು.

"ಅಕ್ಕಾ, ನೂರಾ ಹನ್ನೆರಡನೆಯ ಪದದಲ್ಲಿ ಏನೋ ಬಿಟ್ಟುಹೋಗಿದೆ."

ಹಾಳೆ ತೆಗೆದು ನೋಡಿದೆ. ಅಂಚನ್ನು ಹುಳು ತಿಂದಿತ್ತು, ಆದರೆ ಸಾಲು ಓದಲು ಸರಿಯಾಗಿಯೇ ಇತ್ತು, ಅರ್ಥವೂ ಆಗುತ್ತಿತ್ತು. ಹೇಗೆ ಗೊತ್ತಾಯಿತು ಎಂದೆ.

"ಹೊಡೆಯುವಾಗ ಹಾಡಿಕೊಳ್ಳುತ್ತೇನೆ. ಎರಡನೆಯ ಸಾಲನ್ನು ತಿರುವಿ ಹಾಡಬೇಕಲ್ಲ, ಅಲ್ಲಿ ದನಿ ಕುಂಟುತ್ತದೆ. ನಮ್ಮ ಅಜ್ಜಿಯೂ ಇಂಥವೇ ಪದ ಹಾಡುತ್ತಿದ್ದರು."

ಮೇಷ್ಟರನ್ನೂ ಅದೇ ಕರೆಗೆ ಸೇರಿಸಿದೆ. ಆಕೆ ಸ್ವಲ್ಪ ಸಂಕೋಚಪಟ್ಟು, ಅಂಗಡಿಗೆ ಬಂದಿದ್ದ ಯಾರನ್ನೋ ಕಾಯಲು ಹೇಳಿ, ಮೊದಲ ಸಾಲು ಹಾಡಿದರು. ಎರಡನೆಯದರಲ್ಲಿ ಆ ಜಾಗಕ್ಕೆ ಬಂದು ನಿಂತರು. ಅತ್ತ ಮೇಷ್ಟರ ಕಡೆಯಿಂದ ಸದ್ದಿಲ್ಲ. ಕರೆ ಕಡಿದುಹೋಯಿತೇನೋ ಎಂದುಕೊಳ್ಳುವಷ್ಟರಲ್ಲಿ ಅವರ ನಡುಗುವ ಗಂಟಲು ಅದೇ ಸಾಲನ್ನು ಎತ್ತಿಕೊಂಡಿತು. ಕುಂಟುತ್ತಿದ್ದಲ್ಲಿ 'ಹಂತೇಲಿ' ಎಂದಿತು. ಆಕೆ ತಕ್ಷಣ ಜೊತೆಗೂಡಿದರು, ಸಾಲು ತಿರುಗಿತು, ಮೂರನೆಯದನ್ನು ಇಬ್ಬರೂ ಸೇರಿ ಮುಗಿಸಿದರು.

'ಹಂತೇಲಿ' ಎಂಬ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹತ್ತಿರ, ಬಳಿಯಲ್ಲಿ ಎಂದು ಆಕೆ ಅರ್ಥ ಹೇಳಿದರು.

"ಬರೆದುಕೋ ತಂಗೀ," ಎಂದರು ಮೇಷ್ಟರು. ನನಗೆ ಹೇಳಿದರೋ ಆಕೆಗೋ ಗೊತ್ತಾಗಲಿಲ್ಲ. ಇಬ್ಬರೂ ಬರೆದುಕೊಂಡೆವು.